ಬೆಳಗಾವಿಯಲ್ಲಿ ಇಆರ್‌ಜಿ: ಕತ್ತಲಲ್ಲಿ ಛಲೋ, ಬೆಳಕಿನಲ್ಲಿ ಅವಸರ

ಬೆಳಗಾವಿಯ ಖಾಸಗಿ ಕಣ್ಣಿನ ಆಸ್ಪತ್ರೆಯೊಂದರ ಇಆರ್‌ಜಿ ಕೋಣೆಗೆ 5ಕ್ಕೆ 3 ಅಂಕ. ಇಆರ್‌ಜಿ ಅಂದರೆ ಎಲೆಕ್ಟ್ರೋರೆಟಿನೋಗ್ರಾಮ್: ಫ್ಲ್ಯಾಷ್ ಬೆಳಕಿಗೆ ಕಣ್ಣಿನ ಒಳಪರದೆ ರೆಟಿನಾ ಕೊಡುವ ವಿದ್ಯುತ್ ಉತ್ತರವನ್ನು ಗೆರೆಯಾಗಿ ಬರೆಯುವ ಪರೀಕ್ಷೆ. ಯಂತ್ರ ಛಲೋ ಇದೆ, ಪರೀಕ್ಷೆ ಮಾಡುವವರೂ ಪಳಗಿದವರೇ. ಎರಡು ಅಂಕ ಹೋಗಿದ್ದು ಒಂದೇ ತಪ್ಪಿಗೆ.

ಪಾಪೆ ಹಿಗ್ಗಿಸುವ ಹನಿ ಹಾಕಿ ಕತ್ತಲಲ್ಲಿ ಪೂರ್ತಿ 20 ನಿಮಿಷ ಕೂರಿಸುತ್ತಾರೆ. ಆ ವಿದ್ಯುತ್ತನ್ನು ಹಿಡಿಯುವ ಎಲೆಕ್ಟ್ರೋಡ್ ಅಂದರೆ ಬೆಳ್ಳಿ ಲೇಪದ ನೈಲಾನ್ ಎಳೆ. ಕೆಳರೆಪ್ಪೆಯ ಅಂಚಿನಲ್ಲಿ ಕೂರುತ್ತದೆ, ತುಸು ಕಿರಿಕಿರಿ ಅಷ್ಟೆ. ಅರ್ಥಿಂಗ್ ತಂತಿ ಹಣೆಗೆ. ಅಲ್ಲಿನ ವಿಭೂತಿ, ಕುಂಕುಮ, ತಲೆಯಿಂದ ಇಳಿದ ಎಣ್ಣೆ ಎಲ್ಲವನ್ನೂ ಉಜ್ಜಿ ತೆಗೆದು, ರೋಧ 5 ಕಿಲೋಓಮ್‌ಗಿಂತ ಕೆಳಗಿಳಿದ ಮೇಲೆಯೇ ಮುಂದಿನ ಕೆಲಸ. ಹಾಗೆ ಮಾಡದಿದ್ದರೆ ಗೆರೆಗೆ 50 ಹರ್ಟ್ಸ್ ಕರೆಂಟಿನ ನಡುಕ ಹತ್ತಿಕೊಳ್ಳುತ್ತದೆ. ಈ ಶಿಸ್ತು ಮೆಚ್ಚಬೇಕಾದ್ದೇ.

ತಪ್ಪುವುದು ದೀಪ ಹಾಕಿದ ಮೇಲೆ. ಹಗಲ ಬೆಳಕಿನಲ್ಲಿ ಕೆಲಸ ಮಾಡುವ ಶಂಕುಕೋಶಗಳನ್ನು, ಅಂದರೆ ಕೋನ್‌ಗಳನ್ನು ಅಳೆಯುವ ಮುನ್ನ ಹಿನ್ನೆಲೆ ಬೆಳಕಿನಲ್ಲಿ 10 ನಿಮಿಷ ಕೂರಿಸಬೇಕು. ಆಗ ಮಂದ ಬೆಳಕಿನಲ್ಲಿ ನೋಡಿಸುವ ರಾಡ್ ಕೋಶಗಳು ಬಾಯಿ ಮುಚ್ಚಿರುತ್ತವೆ. ಇಲ್ಲಿ ಹೊರಗೆ ಸಾಲು ಬೆಳೆದರೆ ಮೂರ್ನಾಲ್ಕು ನಿಮಿಷಕ್ಕೇ ಫ್ಲ್ಯಾಷ್ ಶುರು. ಆದರೆ ಕಣ್ಣು ಬೆಳಕಿಗೆ ಒಗ್ಗಿದಂತೆಲ್ಲ ಕೋನ್ ಅಲೆ ಎತ್ತರವಾಗುತ್ತ ಹೋಗುತ್ತದೆ. ಬೇಗ ಅಳೆದರೆ ಗಿಡ್ಡ ಅಲೆ, ನೆಟ್ಟಗಿರುವ ಕಣ್ಣಿನ ಮೇಲೂ ಕೋನ್ ರೋಗದ ಗುಮಾನಿ. ಇನ್ನೊಂದು ಆರು ನಿಮಿಷಕ್ಕೆ ಜಿಪುಣತನವೇಕೆ?

ಈ ಬೆಳಕಿನ ಹಂತದ ವರದಿಯನ್ನು ಓದುವುದು ಹೀಗೆ. ಗೆರೆ ಮೊದಲು ಕೆಳಗೆ ಕುಸಿಯುವುದು ಎ-ಅಲೆ. ಅದರಲ್ಲಿ ಕೋನ್‌ಗಳ ಜೊತೆ, ಅವುಗಳ ಸಂಕೇತವನ್ನು ಮುಂದೆ ದಾಟಿಸುವ ಬೈಪೋಲಾರ್ ಕೋಶಗಳಲ್ಲಿ ಬೆಳಕು ಆರಿದಾಗ ಚುರುಕಾಗುವ ಬಗೆಯ, ಅಂದರೆ ಆಫ್-ಬೈಪೋಲಾರ್ ಕೋಶಗಳ ಪಾಲೂ ಇದೆ. ಆಮೇಲೆ ಏಳುವ ಬಿ-ಅಲೆ ಮುಖ್ಯವಾಗಿ ಬೈಪೋಲಾರ್‌ಗಳದ್ದು. ಎ ಸರಿಯಿದ್ದು ಬಿ ಮಾತ್ರ ಕುಗ್ಗಿದ್ದರೆ ತೊಡಕು ಕೋನ್‌ನಿಂದ ಮುಂದಿನ ಹಂತದಲ್ಲಿ. ಕೊನೆಗೆ 30 ಹರ್ಟ್ಸ್ ಫ್ಲಿಕರ್: ಸೆಕೆಂಡಿಗೆ 30 ಮಿಂಚಿನ ವೇಗಕ್ಕೆ ರಾಡ್‌ಗಳು ಓಡಲಾರವು, ಉಳಿಯುವುದು ಕೋನ್ ದಾರಿಯ ಉತ್ತರ. ಇಲ್ಲಿ ಎತ್ತರದ ಜೊತೆ ಶಿಖರ ಮುಟ್ಟಲು ಹಿಡಿದ ಮಿಲಿಸೆಕೆಂಡನ್ನೂ ನೋಡಿ. ಎರಡನ್ನೂ ಅಚ್ಚು ಹಾಕಿ ಕೊಡುತ್ತಾರೆ.

ರೆಟಿನಾದ ನಟ್ಟನಡುವಿನ ಚಿಕ್ಕ ಭಾಗವಾದ ಮ್ಯಾಕ್ಯುಲಾ ಒಂದೇ ಕೆಟ್ಟಿದ್ದರೆ ಈ ಪರೀಕ್ಷೆ ನಾರ್ಮಲ್ ಎಂದೇ ಬರಬಹುದು, ಏಕೆಂದರೆ ಇದು ಇಡೀ ರೆಟಿನಾದ ಒಟ್ಟು ಮೊತ್ತ. ಅದಕ್ಕೆ ರೆಟಿನಾದ ಚಿಕ್ಕ ಚಿಕ್ಕ ಭಾಗಗಳನ್ನು ಬೇರೆ ಬೇರೆಯಾಗಿ ಅಳೆಯುವ ಮಲ್ಟಿಫೋಕಲ್ ಇಆರ್‌ಜಿ ಬೇಕು. ಈ ಆಸ್ಪತ್ರೆಯಲ್ಲಿ ಅದಿಲ್ಲ.

ಬಾಗಲಕೋಟೆ, ವಿಜಯಪುರದ ಕಡೆಯಿಂದ ಬರುವವರು ಕಾಡಿಗೆ ಹಚ್ಚದೆ, ಕಪ್ಪು ಕನ್ನಡಕ ಇಟ್ಟುಕೊಂಡು ಬರಲಿ. ಹನಿ ಇಳಿಯಲು ಕೆಲವು ಗಂಟೆ ಬೇಕು, ಬೈಕ್ ಬೇಡ. ರೆಟಿನಾ ಫೋಟೋವನ್ನೂ ಅದೇ ದಿನಕ್ಕೆ ಬರೆದಿದ್ದರೆ ಇಆರ್‌ಜಿ ಮುಗಿದ ಮೇಲೆ ತೆಗೆಸಿ. ದೀಪ ಹತ್ತಿದ ಕೂಡಲೇ ಗಡಿಯಾರ ನೋಡಿಕೊಳ್ಳಿ. 'ಹತ್ತು ನಿಮಿಷ ಆತೇನ್ರೀ?' ಎಂದು ಕೇಳಲು ನಾಚಬೇಡಿ.