ಡ್ವಾರ್ಫ್ ಫೋರ್ಟ್ರೆಸ್‌ನಲ್ಲಿ ಕವಚ: ಉಕ್ಕು, ಕಂಚು, ಅಡಮಂಟೈನ್

ಕುಳ್ಳರ ಕೋಟೆಯನ್ನು ಕಟ್ಟಿ ನಡೆಸುವ ಕಂಪ್ಯೂಟರ್ ಆಟ ಡ್ವಾರ್ಫ್ ಫೋರ್ಟ್ರೆಸ್‌ನಲ್ಲಿ ಎಲ್ಲ ಲೋಹಗಳ ಕವಚಗಳನ್ನೂ ಬೇರೆ ಬೇರೆ ಕೋಟೆಗಳಲ್ಲಿ ತೊಡಿಸಿ ನೋಡಿದ ಮೇಲೆ ನನ್ನ ಒಲವು ಉಕ್ಕಿನ ಕಡೆಗೇ ಇದೆ. ನನ್ನ ಕಂಪ್ಯೂಟರ್ ಹಳೆಯದಾದ್ದರಿಂದ ಕೋಟೆಯ ಜನಸಂಖ್ಯೆಯನ್ನು ಕಡಿಮೆ ಇಟ್ಟುಕೊಂಡು, ಹತ್ತು ಮಂದಿಯ ಒಂದೇ ತುಕಡಿಯನ್ನು ಸಾಕುತ್ತೇನೆ. ಅಷ್ಟು ಜನಕ್ಕೆ ಉಕ್ಕು ಒದಗಿಸುವುದು ಸಾಧ್ಯ.

ಶಿರಸ್ತ್ರಾಣ, ಎದೆಗವಚ, ಮೇಲ್ ಶರ್ಟ್ (ಲೋಹದ ಬಳೆಗಳನ್ನು ಹೆಣೆದ ಅಂಗಿ), ಕಾಲುಗವಚ, ಗಾಂಟ್ಲೆಟ್ (ಕೈಗವಚ) ಜೋಡಿ, ಬೂಟಿನ ಜೋಡಿ ಸೇರಿ ಒಬ್ಬನಿಗೆ 10 ಲೋಹದ ಗಟ್ಟಿ ಬೇಕು, ಅಂದರೆ ತುಕಡಿಗೆ 100. ಕಬ್ಬಿಣದ ಅದಿರಾದ ಒಂದು ಹೆಮಟೈಟ್ ಕಲ್ಲಿನಿಂದ 4 ಗಟ್ಟಿ ಕಬ್ಬಿಣ ಬರುವುದರಿಂದ ಅದಿರಿಗೆ ಕೊರತೆಯಾಗುವುದಿಲ್ಲ. ಆದರೆ ಬೀಡುಕಬ್ಬಿಣ ಮಾಡಿ, ಅದನ್ನು ಮತ್ತೆ ಕಬ್ಬಿಣ, ಸುಣ್ಣಕಲ್ಲು, ಇದ್ದಿಲುಗಳೊಂದಿಗೆ ಉಕ್ಕಾಗಿಸುವಷ್ಟರಲ್ಲಿ, ಲಾವಾ ಕುಲುಮೆ ಇಲ್ಲದವರಿಗೆ ಪ್ರತಿ ಗಟ್ಟಿಗೂ 2 ಇದ್ದಿಲು ಖರ್ಚಾಗುತ್ತದೆ. ಬಿಟುಮಿನಸ್ ಕಲ್ಲಿದ್ದಲು ಸಿಕ್ಕರೆ ಒಂದು ತುಂಡಿಗೆ ಇದ್ದಿಲಿನ ಬದಲು ಬಳಸಬಹುದಾದ 9 ಕೋಕ್ ಬರುತ್ತದೆ. ಸಿಗದಿದ್ದರೆ ಇದ್ದಿಲಿಗಾಗಿ ಕಾಡು ಕಡಿದು, ಮರಗಳನ್ನು ಪ್ರೀತಿಸುವ ಎಲ್ಫ್‌ಗಳ ಮುನಿಸು ಕಟ್ಟಿಕೊಳ್ಳಬೇಕು.

ಈ ಖರ್ಚು ಸಾರ್ಥಕವೆನ್ನಲು ಆಟದ ಕಡತದಲ್ಲಿರುವ ಅಂಕಿಗಳೇ ಸಾಕು: ಕತ್ತರಿಸುವ ಏಟಿಗೆ ಬಾಗದೆ ನಿಲ್ಲುವ ಶಕ್ತಿ ತಾಮ್ರಕ್ಕೆ 70,000, ಕಬ್ಬಿಣಕ್ಕೆ 155,000, ಕಂಚಿಗೆ 172,000, ಉಕ್ಕಿಗೆ 430,000. ಕೋಟೆಯ ಮೇಲೆ ದಾಳಿ ಮಾಡುವ ಗಾಬ್ಲಿನ್‌ಗಳು ಉಕ್ಕು ತಯಾರಿಸುವುದಿಲ್ಲವಾದ್ದರಿಂದ ಅವರ ಕತ್ತಿಗಳು ನಮ್ಮ ಉಕ್ಕಿನ ಮೇಲೆ ಜಾರುತ್ತವೆ. ಉಕ್ಕಿಗೆ ಬೇಕಾದ ಸುಣ್ಣಕಲ್ಲಾಗಲಿ ಅದರ ಬದಲಿಗೆ ಬಳಸುವ ಅಮೃತಶಿಲೆಯಾಗಲಿ ಸಿಗದ ನೆಲದಲ್ಲಿ ತಾಮ್ರಕ್ಕೆ ತವರ ಬೆರೆಸಿ ಕಂಚು ಮಾಡಿಕೊಳ್ಳುವುದು ಗೌರವದ ದಾರಿಯೇ. ಆಟದ ಕಾಲ್ಪನಿಕ ಲೋಹವಾದ ಅಡಮಂಟೈನ್ ಎಲ್ಲಕ್ಕಿಂತ ಹಗುರ, ಎಲ್ಲಕ್ಕಿಂತ ಗಟ್ಟಿ, ಆದರೆ ಅದರ ಅದಿರಿನಿಂದ ಸಿಗುವ ಎಳೆಗಳನ್ನು ನಾನು ಕೊಡಲಿಗಳಿಗೇ ಮೀಸಲಿಡುತ್ತೇನೆ.

ಲೋಹಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬಟ್ಟೆ. ಸಮವಸ್ತ್ರವನ್ನು ಬಟ್ಟೆಯ ಮೇಲೆ ತೊಡಬೇಕೆ, ಬಟ್ಟೆಯ ಬದಲಿಗೆ ತೊಡಬೇಕೆ ಎಂಬ ಆಯ್ಕೆ ತುಕಡಿಯ ಪರದೆಯಲ್ಲಿದೆ. ಪ್ರತಿ ತೊಡುಗೆಗೂ ಇಂತಿಷ್ಟು ದಪ್ಪವೆಂದಿದ್ದು, ಅದರ ಒಳಗೆ ಎಷ್ಟು ದಪ್ಪ ಇರಬಹುದೆಂಬ ಮಿತಿಯೂ ಇದೆ. ನನ್ನ ಕೊಡಲಿಯಾಳೊಬ್ಬಳ ಎಡಗೈಯಲ್ಲಿ ಗ್ಲೌಸು, ಅದರ ಮೇಲೆ ಉಣ್ಣೆಯ ಮಿಟನ್ (ಬೆರಳುಗಳಿಗೆ ಬೇರೆ ಬೇರೆ ಜಾಗವಿಲ್ಲದ ಕೈಗವಸು) ಇದ್ದವು; ಆ ಕೈಯ ಉಕ್ಕಿನ ಗಾಂಟ್ಲೆಟ್ ಅಷ್ಟು ದಪ್ಪದ ಮೇಲೆ ಕೂರದೆ, ಅವಳ ಹೆಸರಿಗೇ ಗುರುತಾಗಿ ಉಗ್ರಾಣದಲ್ಲಿ ಬಿದ್ದಿತ್ತು. ಮೈಯೆಲ್ಲ ಉಕ್ಕು ಹೊದ್ದಿದ್ದವಳ ಅದೊಂದು ಕೈಗೆ ಗಾಬ್ಲಿನ್‌ನ ಕತ್ತಿ ತಗುಲಿ, ಬೆರಳುಗಳು ಒಂದೊಂದಾಗಿ ಉದುರಿದ್ದನ್ನು ಕಾಳಗದ ವರದಿಯಲ್ಲಿ ಓದಿದಾಗ ಬಹಳ ಸಂಕಟವಾಯಿತು.

ಅಂದಿನಿಂದ ನಾನು ಬಟ್ಟೆಯ ಬದಲಿಗೆ ಎಂಬುದನ್ನೇ ಆರಿಸಿ, ಸಲಕರಣೆಗಳನ್ನು ನವೀಕರಿಸುವ ಗುಂಡಿ ಒತ್ತಿ, ಬಾಗಿಲು ತೆರೆಯುವ ಮೊದಲು ಪ್ರತಿಯೊಬ್ಬರ ಮೈಮೇಲಿನ ಪಟ್ಟಿಯನ್ನು ಎಡ ಬಲ ಎರಡೂ ಕೈಗಳ ಸಮೇತ ನೋಡುತ್ತೇನೆ. ಎಂಥ ಉಕ್ಕೇ ಆದರೂ ಮೈಮೇಲೆ ಇಲ್ಲದಿದ್ದರೆ ತಾಮ್ರಕ್ಕೂ ಸಾಟಿಯಲ್ಲ.

ಗಟ್ಟಿಗಳು ಸಾಲದಿದ್ದರೆ 3 ಗಟ್ಟಿ ಬೇಡುವ ಎದೆಗವಚವನ್ನು ಮುಂದೂಡಿ, 2 ಗಟ್ಟಿಯ ಮೇಲ್ ಶರ್ಟನ್ನು ಮೊದಲು ಮಾಡಿಸುವುದು ನನ್ನ ರೂಢಿ. ಎದೆಗವಚ ಮುಂಡವನ್ನಷ್ಟೇ ಕಾಯುತ್ತದೆ, ಮೇಲ್ ಶರ್ಟ್ ತೋಳು ತೊಡೆಗಳ ಮೇಲ್ಭಾಗವನ್ನೂ ಮುಚ್ಚುತ್ತದೆ. ಮುಂದೆ ಎರಡನ್ನೂ ಒಟ್ಟಿಗೆ ತೊಡಿಸಬಹುದು. ಗುರಾಣಿ ಮರದ್ದಾದರೂ ಏಟನ್ನು ಅಷ್ಟೇ ಚೆನ್ನಾಗಿ ತಡೆಯುವುದರಿಂದ ಅದಕ್ಕೆ ಲೋಹ ಕೊಡುವುದಿಲ್ಲ. ಶರತ್ಕಾಲದಲ್ಲಿ ವರ್ತಕರ ಜೊತೆ ಬರುವ ಪ್ರತಿನಿಧಿಗೆ ಮರುವರ್ಷಕ್ಕೆ ಉಕ್ಕಿನ ಗಟ್ಟಿಗಳನ್ನು ತರಲು ಹೇಳಿಕಳಿಸುತ್ತೇನೆ, ಬೆಲೆ ಹೆಚ್ಚಾದರೂ ಕೊಡುತ್ತೇನೆ.