ಕೀಲಿಮಣೆಯಿಲ್ಲದ ಟ್ಯಾಬ್ಲೆಟ್‌ನಲ್ಲಿ ಲಿನಕ್ಸ್: ಮೂರನ್ನು ಹಾಕಿ ನೋಡಿದ ಮೇಲೆ

ಇಂಟೆಲ್ ಪ್ರೊಸೆಸರ್ ಇರುವ ಟ್ಯಾಬ್ಲೆಟ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಕಳಚಿ ಜೋಡಿಸುವ ಕೀಲಿಮಣೆ ಅದರೊಂದಿಗೆ ಬರಲಿಲ್ಲ. ಪಿಡಿಎಫ್ ಓದುತ್ತ ಪಕ್ಕದಲ್ಲಿ ಪೆನ್ನಿನಿಂದ ಟಿಪ್ಪಣಿ ಬರೆಯುವುದಷ್ಟೇ ನನ್ನ ಕೆಲಸವಾದ್ದರಿಂದ ಅದು ಕೊರತೆಯೆನಿಸಲಿಲ್ಲ. ಗ್ನೋಮ್ ಇರುವ ಫೆಡೋರಾ ವರ್ಕ್‌ಸ್ಟೇಷನ್, ಅದೇ ಫೆಡೋರಾದ ಕೆಡಿಇ ಪ್ಲಾಸ್ಮಾ ಆವೃತ್ತಿ, ಫಾಶ್ ಇರುವ ಪೋಸ್ಟ್‌ಮಾರ್ಕೆಟ್‌ಓಎಸ್ ಈ ಮೂರು ಲಿನಕ್ಸ್ ವಿತರಣೆಗಳನ್ನೂ ಒಂದಾದ ಮೇಲೊಂದು ಹಾಕಿ ನೋಡಿದೆ. ಗ್ನೋಮ್, ಪ್ಲಾಸ್ಮಾ, ಫಾಶ್ ಎಂದರೆ ಪರದೆಯ ಮೇಲೆ ಕಿಟಕಿ, ಮೆನುಗಳನ್ನು ತೋರಿಸುವ ತಂತ್ರಾಂಶಗಳು. ಉಳಿಸಿಕೊಂಡದ್ದು ಮೊದಲನೆಯದನ್ನು.

ಆದರೆ ಅತಿ ಹೆಚ್ಚು ಕಾಡಿದ ತೊಡಕು ಎದುರಾದದ್ದೂ ಅದರಲ್ಲೇ. ಅನುಸ್ಥಾಪನೆಯ ವೇಳೆ ಡಿಸ್ಕ್ ಗೂಢಲಿಪೀಕರಣವನ್ನು, ಅಂದರೆ ಗುಪ್ತಪದವಿಲ್ಲದೆ ಡಿಸ್ಕಿನಲ್ಲಿರುವುದನ್ನು ಓದಲಾಗದಂತೆ ಮಾಡುವುದನ್ನು, ಆರಿಸಿಕೊಂಡಿದ್ದೆ. ಮರುಚಾಲನೆಯಾದಾಗ ಕಪ್ಪು ಪರದೆಯ ನಡುವೆ ಗುಪ್ತಪದ ಕೇಳುವ ಚೌಕ ಬಂತು. ಎಷ್ಟು ಬಾರಿ ಬೆರಳಿನಿಂದ ತಟ್ಟಿದರೂ ಪರದೆಯ ಕೀಲಿಮಣೆ ಮೇಲೇಳಲಿಲ್ಲ. ಆ ಹಂತದಲ್ಲಿ ಗ್ನೋಮ್ ಇನ್ನೂ ಆರಂಭವಾಗಿರುವುದಿಲ್ಲ, ಅದರ ಕೀಲಿಮಣೆಯೂ ಇರುವುದಿಲ್ಲ. ಪ್ಲಾಸ್ಮಾದಲ್ಲೂ ಇದೇ ಕಥೆ. ಯುಎಸ್‌ಬಿ ಕೀಲಿಮಣೆ ಜೋಡಿಸೋಣವೆಂದರೆ ಇದ್ದದ್ದು ಒಂದೇ ಟೈಪ್-ಸಿ ಕಿಂಡಿ, ಅದರಲ್ಲಿ ಚಾರ್ಜರ್ ಇತ್ತು. ಬ್ಯಾಟರಿ ಮುಗಿಯುವ ಮುನ್ನ ಚಾರ್ಜರ್ ತೆಗೆದು, ಅಡಾಪ್ಟರ್ ಸಿಕ್ಕಿಸಿ, ಅವಸರದಲ್ಲಿ ಗುಪ್ತಪದ ಒತ್ತಬೇಕಾಯಿತು.

ಕೊನೆಗೆ ನೆರವಾದದ್ದು ಗೂಢಲಿಪಿಯ ಕೀಲಿಗಳನ್ನು ಭದ್ರವಾಗಿಡುವ ಟಿಪಿಎಂ 2.0 ಚಿಪ್. ಲಿನಕ್ಸ್‌ನ ಸೇವೆಗಳನ್ನು ಆರಂಭಿಸಿ ನಡೆಸುವ, 2021ರಲ್ಲಿ ಬಂದ ಸಿಸ್ಟಮ್‌ಡಿ 248ರ ಕ್ರಿಪ್ಟ್‌ಎನ್‌ರೋಲ್ ಸಾಧನದಿಂದ ಡಿಸ್ಕಿನ ಬೀಗವನ್ನು ಆ ಚಿಪ್‌ಗೆ ಜೋಡಿಸಿದ ಮೇಲೆ ಡಿಸ್ಕ್ ತಾನಾಗಿಯೇ ತೆರೆದುಕೊಂಡು ನೇರವಾಗಿ ಲಾಗಿನ್ ಪರದೆ ಬರುತ್ತದೆ, ಅಲ್ಲಿ ಗ್ನೋಮ್‌ನ ಕೀಲಿಮಣೆ ಸಿದ್ಧವಾಗಿರುತ್ತದೆ. ಟ್ಯಾಬ್ಲೆಟ್ ಕಳವಾದರೆ ತಡೆಯುವುದು ಲಾಗಿನ್ ಗುಪ್ತಪದವೊಂದೇ ಆದ್ದರಿಂದ ಅದನ್ನು ಉದ್ದವಾಗಿಯೇ ಇಟ್ಟಿದ್ದೇನೆ.

ಈ ಒಂದು ವಿಷಯದಲ್ಲಿ ಪೋಸ್ಟ್‌ಮಾರ್ಕೆಟ್‌ಓಎಸ್ ಮೇಲುಗೈ ಸಾಧಿಸುತ್ತದೆ: ಫೋನ್‌ಗಳಿಗಾಗಿಯೇ ಹುಟ್ಟಿದ್ದರಿಂದ ಡಿಸ್ಕ್ ತೆರೆಯುವ ಹಂತದಲ್ಲೇ ಪರದೆಯ ಕೀಲಿಮಣೆ ಕೊಡುತ್ತದೆ. ಆದರೆ ಫಾಶ್‌ನಲ್ಲಿ ಪ್ರತಿಯೊಂದು ಆ್ಯಪ್ ಸಾಮಾನ್ಯವಾಗಿ ಪೂರ್ತಿ ಪರದೆಯನ್ನು ಆವರಿಸುತ್ತದೆ. ಎಡಕ್ಕೆ ಪುಸ್ತಕ, ಬಲಕ್ಕೆ ಟಿಪ್ಪಣಿ ಇಟ್ಟುಕೊಂಡು ಬೆರಳಿನಿಂದಲೇ ನಡೆಸುವುದು ನನಗೆ ಒಗ್ಗಲಿಲ್ಲ.

ಪ್ಲಾಸ್ಮಾದಲ್ಲಿ ಪೆನ್ನಿನ ಗುಂಡಿಗಳಿಗೆ ಬೇಕಾದ ಕೆಲಸ ಹಚ್ಚುವ ಸೌಲಭ್ಯ ಸೊಗಸಾಗಿದೆ, ಚಿತ್ರ ಬರೆಯುವವರು ಅದನ್ನೇ ಮೆಚ್ಚಬಹುದು. ಅದರ ಮ್ಯಾಲಿಟ್ ಎಂಬ ಪರದೆಯ ಕೀಲಿಮಣೆ ಮಾತ್ರ ಕೆಲವು ಆ್ಯಪ್‌ಗಳಲ್ಲಿ ಬರಲೇ ಇಲ್ಲ. ಕೀಲಿಮಣೆಯಿಲ್ಲದವನಿಗೆ ಅದು ಸಣ್ಣ ದೋಷವಲ್ಲ.

ಗ್ನೋಮ್‌ನಲ್ಲಿ ಪರದೆಯ ಕೆಳಅಂಚಿನಿಂದ ಬೆರಳೆಳೆದರೆ ಕೀಲಿಮಣೆ, ಮೂರು ಬೆರಳಿನಿಂದ ಮೇಲಕ್ಕೆ ಸರಿಸಿದರೆ ತೆರೆದ ಕಿಟಕಿಗಳೆಲ್ಲ ಕಾಣುತ್ತವೆ. ಟಿಪ್ಪಣಿ ಬರೆಯುವ ಝೂರ್ನಲ್++ ಆ್ಯಪ್‌ನಲ್ಲಿ ಪೆನ್ನಿನ ಒತ್ತಡಕ್ಕೆ ತಕ್ಕಂತೆ ಗೆರೆ ದಪ್ಪವಾಗುತ್ತದೆ. ಪರದೆ ತಾನಾಗಿ ತಿರುಗುವುದು ಮೂರರಲ್ಲೂ ಸರಿಯಾಗಿತ್ತು. ಮೂಲ ಕೀಲಿಮಣೆಗೆ ಬೇರೆ ಹಣ ಹಾಕುವ ಮನಸ್ಸು ನನಗಿಲ್ಲ. ಸಹಿಯಿರುವ ತಂತ್ರಾಂಶವನ್ನಷ್ಟೇ ಆರಂಭವಾಗಲು ಬಿಡುವ ಸೆಕ್ಯೂರ್ ಬೂಟ್‌ನ ಸ್ಥಿತಿ ಬದಲಾದರೆ ಚಿಪ್ ಬೀಗ ತೆರೆಯದೆ ಮತ್ತೆ ಗುಪ್ತಪದ ಕೇಳುವುದರಿಂದ, ಆ ಯುಎಸ್‌ಬಿ ಕೀಲಿಮಣೆಯನ್ನೂ ಅಡಾಪ್ಟರನ್ನೂ ಚೀಲದಲ್ಲೇ ಇಟ್ಟುಕೊಂಡಿದ್ದೇನೆ.