ಮೂರು ವರ್ಷದ ಹಿಂದೆ ಅಸೆಂಬಲ್ ಮಾಡಿಸಿದ ಕಂಪ್ಯೂಟರ್: ತಲೆ ಕೆಡಿಸಿಕೊಂಡಿದ್ದು ಒಂದಕ್ಕೆ, ಕಾಟ ಕೊಟ್ಟಿದ್ದು ಇನ್ನೊಂದು

2022ರ ನವೆಂಬರ್‌ನಲ್ಲಿ ತಗೊಂಡ ಮಷೀನು. ಮೂರು ವರ್ಷ ದಾಟಿದೆ. ಹಗಲು ಮನೆಗಳ ಪ್ಲಾನ್ ಹಾಕುತ್ತೇನೆ, ನಕ್ಷೆಗೆ ಆಟೊಕ್ಯಾಡ್, ಮನೆಯ 3ಡಿ ಚಿತ್ರಕ್ಕೆ ಬ್ಲೆಂಡರ್. ರಾತ್ರಿ ಊಟ ಆದಮೇಲೆ ಒಂದೆರಡು ಗಂಟೆ ಗೇಮ್. ಊರು ತೀರ್ಥಹಳ್ಳಿ. ಊರಿನ ಹೆಸರು ಸುಮ್ನೆ ಹೇಳಿದ್ದಲ್ಲ. ಇಲ್ಲಿನ ಮಳೆ, ಗುಡುಗು, ಕರೆಂಟು ಮೂರೂ ಈ ಮಷೀನಿಗೆ ಕೊಟ್ಟಷ್ಟು ಕೆಲಸವನ್ನು ಯಾವ ಗೇಮೂ ಕೊಟ್ಟಿಲ್ಲ.

ಪ್ರೊಸೆಸರ್ ರೈಜನ್ 5 5600. ಆರು ಕೋರ್, ಹನ್ನೆರಡು ಥ್ರೆಡ್. ಬಿ550 ಮದರ್‌ಬೋರ್ಡ್, ಎಂಟೆಂಟು ಜಿಬಿಯ ಎರಡು ಡಿಡಿಆರ್4 ರ‍್ಯಾಮ್, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 12 ಜಿಬಿಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 650 ವ್ಯಾಟ್‌ನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಡಬ್ಬಿ), ಒಂದು ಗಾಜಿನ ಕ್ಯಾಬಿನೆಟ್. ಎಲ್ಲ ಸೇರಿ ಆಗ 76,600 ರೂಪಾಯಿ. ಮಾನಿಟರ್ ಬೇರೆ.

ಪ್ರೊಸೆಸರ್ ಆರಿಸಲು ಒಂದು ತಿಂಗಳು ನಿದ್ದೆಗೆಟ್ಟಿದ್ದೆ. ಇದಾ, ಇಂಟೆಲ್‌ನ ಐ5 12400ಎಫ್ ಆ? ಎರಡೂ ಆರು ಕೋರ್, ಬೆಲೆಯೂ ಹೆಚ್ಚುಕಡಿಮೆ ಒಂದೇ. ಈಗ ಹೇಳುತ್ತೇನೆ, ಅದನ್ನು ತಗೊಂಡಿದ್ದರೂ ನನಗೆ ಗೊತ್ತೇ ಆಗುತ್ತಿರಲಿಲ್ಲ. ಆ ಒಂದು ತಿಂಗಳು ದಂಡ.

ಗ್ರಾಫಿಕ್ಸ್ ಕಾರ್ಡ್ ವಿಷಯದಲ್ಲಿ ಮಾತ್ರ ಯೋಚನೆ ಮಾಡಿದ್ದು ಸಾರ್ಥಕ ಆಯಿತು. ಆರೇಳು ಸಾವಿರ ಜಾಸ್ತಿ ಹಾಕಿದ್ದರೆ 3060 ಟಿಐ ಬರುತ್ತಿತ್ತು. ಗೇಮ್‌ನಲ್ಲಿ ಅದು ವೇಗ, ಅನುಮಾನ ಇಲ್ಲ. ಆದರೆ ಅದರಲ್ಲಿ ಮೆಮೊರಿ 8 ಜಿಬಿ. ಬ್ಲೆಂಡರ್‌ನಲ್ಲಿ ಮನೆ ಒಂದೇ ಇದ್ದರೆ 8 ಸಾಕು. ಅಂಗಳ, ನಾಲ್ಕು ಅಡಿಕೆ ಮರ, ಹುಲ್ಲು, ಮಂಗಳೂರು ಹೆಂಚು ಎಲ್ಲ ಒಳ್ಳೆ ಟೆಕ್ಸ್ಚರ್ ಸಮೇತ ಹಾಕಿ ನೋಡಿ. ನನ್ನ ಕೆಲವು ಸೀನ್‌ಗಳು 9-10 ಜಿಬಿ ತಿನ್ನುತ್ತವೆ. ಕಾರ್ಡಿನ ಮೆಮೊರಿಯಲ್ಲಿ ಹಿಡಿಸದಿದ್ದರೆ ರೆಂಡರ್ (ಸೀನಿನಿಂದ ಕೊನೆಯ ಚಿತ್ರ ತೆಗೆಯುವ ಕೆಲಸ) ತೆವಳುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಬರೀ ಗೇಮ್ ಆಡುವವರಾದರೆ ನನ್ನ ಲೆಕ್ಕ ನಿಮಗೆ ಬೇಡ. ಹೊಟ್ಟೆಪಾಡಿಗೆ ರೆಂಡರ್ ಮಾಡುವವರು ಮೊದಲು ಜಿಬಿ ನೋಡಿ.

ಕಾಲವೂ ಕೂಡಿ ಬಂದಿತ್ತು. 2021ರಲ್ಲಿ ಕ್ರಿಪ್ಟೊ ಮೈನಿಂಗ್ (ಕಂಪ್ಯೂಟರ್ ದುಡಿಸಿ ಡಿಜಿಟಲ್ ನಾಣ್ಯ ಗಳಿಸುವುದು) ಮಾಡುವವರು ಕಾರ್ಡುಗಳನ್ನು ಬಾಚಿಕೊಂಡು ಹೋಗಿ ಬೆಲೆ ಆಕಾಶಕ್ಕೇರಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಮ್ ಅನ್ನುವ ಕ್ರಿಪ್ಟೊ ನಾಣ್ಯ ತನ್ನ ಪದ್ಧತಿ ಬದಲಿಸಿತು. ಆಮೇಲೆ ಅದಕ್ಕೆ ಗ್ರಾಫಿಕ್ಸ್ ಕಾರ್ಡೇ ಬೇಡವಾಯಿತು. ಬೆಲೆ ಇಳಿಯಿತು. ಜೊತೆಗೆ ಹಗಲು ರಾತ್ರಿ ದುಡಿದು ಸುಸ್ತಾದ ಹಳೇ ಕಾರ್ಡುಗಳೂ ಮಾರ್ಕೆಟ್ಟಿಗೆ ಬಂದವು. ಅದಕ್ಕೇ ಸೆಕೆಂಡ್ ಹ್ಯಾಂಡ್ ಕಡೆ ತಲೆ ಹಾಕಲಿಲ್ಲ.

ಕೊಂಡದ್ದು ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ ಸಾಲಿರುವ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ. ರಾತ್ರಿ ಬಸ್ಸಿಗೆ ಹೋಗಿ ಮೆಜೆಸ್ಟಿಕ್‌ನಲ್ಲಿ ಇಳಿದು, ಮೆಟ್ರೊದಲ್ಲಿ ಒಂದೇ ಸ್ಟಾಪ್, ಚಿಕ್ಕಪೇಟೆ. ಒಂದು ಅಂಗಡಿಯಲ್ಲಿ 3060 ಕೇಳಿದೆ. ತೆಗೆದುಕೊಟ್ಟರು, ಬೇರೆ ಕಡೆಗಿಂತ ಎರಡೂವರೆ ಸಾವಿರ ಕಮ್ಮಿ. ಬಾಕ್ಸ್ ತಿರುಗಿಸಿದರೆ 8 ಜಿಬಿ ಅಂತಿದೆ. ಹೆಸರು ಒಂದೇ, ಮಾಲು ಬೇರೆ. ಆ 8 ಜಿಬಿ ಮಾಡೆಲ್ ಆಗಷ್ಟೇ ಬಂದಿತ್ತು. 12 ಜಿಬಿಯದ್ದರಲ್ಲಿ ಮೆಮೊರಿಯ ದಾರಿ 192 ಬಿಟ್ ಅಗಲ, ಇದರಲ್ಲಿ 128. ಅಂದರೆ ಮೆಮೊರಿ ಕಮ್ಮಿ ಇರುವುದಷ್ಟೇ ಅಲ್ಲ, ನಿಧಾನ ಕೂಡ. ಕೇಳಿದರೆ "ಎರಡೂ ಒಂದೇ ಸರ್, ಗೇಮಿಗೆ ಏನೂ ಗೊತ್ತಾಗಲ್ಲ" ಅಂದರು. "ಬಿಲ್ ಬೇಡ ಅಂದ್ರೆ ಇನ್ನೂ ಕಮ್ಮಿ ಮಾಡ್ತೀನಿ" ಅಂತಲೂ ಸೇರಿಸಿದರು. ಎದ್ದು ಬಂದೆ. ಜಿಎಸ್‌ಟಿ 18 ಪರ್ಸೆಂಟ್ ಕೊಡುವಾಗ ಹೊಟ್ಟೆ ಉರಿಯುತ್ತದೆ ನಿಜ. ಆದರೆ ಸೀರಿಯಲ್ ನಂಬರ್ ಇರುವ ಬಿಲ್ ಇಲ್ಲದೆ ನಾಳೆ ವಾರಂಟಿ ಕೇಳಲು ಯಾವ ಮುಖ ಹೊತ್ತು ಹೋಗುತ್ತೀರಿ?

ಇನ್ನು ನನ್ನದೇ ದಡ್ಡತನ. ಮಷೀನ್ ತಂದು ಎಂಟು ತಿಂಗಳಾದ ಮೇಲೆ ಅಕ್ಕನ ಮಗ ರಜೆಗೆ ಬಂದ. ವ್ಯಾಲೊರಂಟ್ ಆಡಲು ಕೂತವನು ಐದು ನಿಮಿಷಕ್ಕೆ ಮುಖ ಕಿವುಚಿದ. "ಮಾಮ, ನಿನ್ನ ಮಾನಿಟರ್ 144 ಹರ್ಟ್ಜ್ ಅಂದ್ಯಲ್ಲ, ಇದು 60ರಲ್ಲಿ ಓಡ್ತಿದೆ." ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಬದಲಿಸಬೇಕಿತ್ತು, ನಾನು ಬದಲಿಸಿರಲಿಲ್ಲ. ಸೆಕೆಂಡಿಗೆ 144 ಸಲ ಚಿತ್ರ ಬದಲಿಸಬಲ್ಲ ಪರದೆ 60 ಸಲ ಮಾತ್ರ ಬದಲಿಸುತ್ತಿತ್ತು. ಆಮೇಲೆ ಟಾಸ್ಕ್ ಮ್ಯಾನೇಜರ್ ತೆಗೆದು ರ‍್ಯಾಮ್ ತೋರಿಸಿದ. 3200ರ ರ‍್ಯಾಮ್, 2133ರಲ್ಲಿ ಕೂತಿದೆ. ಬಯಾಸ್‌ಗೆ (ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗ್) ಹೋಗಿ, ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಮಾಡುವ ತನಕ ಅದು ಹಾಗೇ ಇರುತ್ತದಂತೆ. ಕೆಲವು ಬೋರ್ಡುಗಳಲ್ಲಿ ಇದಕ್ಕೆ ಡಿಒಸಿಪಿ ಅನ್ನುವ ಹೆಸರು. ಎರಡು ಕ್ಲಿಕ್ಕಿನ ಕೆಲಸ. ಜೋಡಿಸಿ ಕೊಟ್ಟವರು ಮಾಡಿರಲಿಲ್ಲ, ನಾನು ನೋಡಿರಲಿಲ್ಲ. ದುಡ್ಡು ಕೊಟ್ಟ ವೇಗವನ್ನು ಎಂಟು ತಿಂಗಳು ಬೀರುವಿನಲ್ಲಿಟ್ಟು ಬೀಗ ಹಾಕಿದ ಹಾಗಾಯಿತು.

ಈಗ ಕರೆಂಟಿನ ವಿಷಯ. ನಿಜವಾದ ತಲೆನೋವು ಇದು.

ಮೊದಲು ಒಂದು 600 ವಿಎ ಯುಪಿಎಸ್ ತಂದಿದ್ದೆ. 600 ಅನ್ನುವುದು ಹೆಸರಿಗೆ. ವ್ಯಾಟ್ ಲೆಕ್ಕದಲ್ಲಿ ಅದು 360. ಆಟೊಕ್ಯಾಡ್ ಮಾಡುವಾಗ ಕರೆಂಟ್ ಹೋದರೆ ಹಿಡಿದುಕೊಳ್ಳುತ್ತಿತ್ತು. ರೆಂಡರ್ ಓಡುವಾಗ ಹೋದರೆ ಕೀ ಅಂತ ಒಮ್ಮೆ ಕೂಗಿ ಅದೂ ಮಲಗುತ್ತಿತ್ತು. 14 ತಿಂಗಳಿಗೆ ಅದರ ಬ್ಯಾಟರಿಯೇ ಸತ್ತಿತು. ಮನೆಯಲ್ಲಿ ಸೈನ್ ವೇವ್ ಇನ್ವರ್ಟರ್ ಇತ್ತಲ್ಲ, ಅದಕ್ಕೇ ಲೈನ್ ಎಳೆಸಿದೆ. ಆಗಲೂ ಕರೆಂಟ್ ಹೋದ ಕ್ಷಣಕ್ಕೆ ಕಂಪ್ಯೂಟರ್ ರೀಸ್ಟಾರ್ಟ್. ಒಮ್ಮೆ ನಾಲ್ಕು ಗಂಟೆಯ ರೆಂಡರ್ ಹೋಯಿತು. ಎಸ್‌ಎಂಪಿಎಸ್ ಹಾಳಾಗಿದೆ ಅಂತ ಬೇರೆ ಆರ್ಡರ್ ಮಾಡುವುದರಲ್ಲಿದ್ದೆ.

ಎಲೆಕ್ಟ್ರಿಷಿಯನ್ ಬಂದವರು ಇನ್ವರ್ಟರ್ ಹಿಂದೆ ಕೈ ಹಾಕಿ ಒಂದು ಸಣ್ಣ ಸ್ವಿಚ್ ಒತ್ತಿದರು. ಅಷ್ಟೇ. ಆ ಸ್ವಿಚ್ಚಿಗೆ ಎರಡು ಕಡೆ, ಒಂದು ಇಕೊ, ಇನ್ನೊಂದು ಯುಪಿಎಸ್. ಇಕೊದಲ್ಲಿದ್ದರೆ ಬ್ಯಾಟರಿಗೆ ಬದಲಾಗಲು ಸುಮಾರು 40 ಮಿಲಿಸೆಕೆಂಡ್ ಬೇಕು. ಫ್ಯಾನಿಗೂ ಬಲ್ಬಿಗೂ ಅದು ಲೆಕ್ಕಕ್ಕಿಲ್ಲ. ಆದರೆ ಕಂಪ್ಯೂಟರಿನ ಎಸ್‌ಎಂಪಿಎಸ್ ಕರೆಂಟಿಲ್ಲದೆ ಉಸಿರು ಬಿಗಿ ಹಿಡಿಯುವುದು, ಪೂರ್ತಿ ಲೋಡ್ ಇದ್ದಾಗ, ಸುಮಾರು 16-17 ಮಿಲಿಸೆಕೆಂಡ್. ಯುಪಿಎಸ್ ಮೋಡ್‌ನಲ್ಲಿ ಸುಮಾರು 10ರಲ್ಲೇ ಬದಲಾಗುತ್ತದೆ. ಅವತ್ತಿನಿಂದ ಒಂದು ಸಲವೂ ರೀಸ್ಟಾರ್ಟ್ ಆಗಿಲ್ಲ. ಅವರು ತಗೊಂಡಿದ್ದು 150 ರೂಪಾಯಿ, ಜೊತೆಗೆ ಒಂದು ಲೋಟ ಕಾಫಿ.

ಇದಕ್ಕೂ ಒಂದು ಬೆಲೆ ಇದೆ. ಯುಪಿಎಸ್ ಮೋಡ್‌ನಲ್ಲಿ ವೋಲ್ಟೇಜ್ 180ಕ್ಕಿಂತ ಇಳಿದರೆ ಇನ್ವರ್ಟರ್ ಬ್ಯಾಟರಿಗೆ ಹೋಗಿಬಿಡುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ವೋಲ್ಟೇಜ್ ದಿನಾ ಕುಂಟುತ್ತದೆ. ಹಾಗಾಗಿ ಬ್ಯಾಟರಿ ಜಾಸ್ತಿ ದುಡಿಯುತ್ತದೆ, ಡಿಸ್ಟಿಲ್ಡ್ ವಾಟರ್ ಬೇಗ ಬೇಗ ಹಾಕಬೇಕು.

ಗುಡುಗಿನದು ಇನ್ನೊಂದು ಕಥೆ. 2024ರ ಮೇ ತಿಂಗಳು, ಸಂಜೆ ಗುಡುಗು ಶುರುವಾಯಿತು. ಪ್ಲಗ್ ಕಿತ್ತು ನಿಶ್ಚಿಂತೆಯಿಂದ ಜಗಲಿಗೆ ಬಂದು ಕೂತೆ. ಲ್ಯಾನ್ ವಯರ್ ಕೀಳಲು ಮರೆತಿದ್ದೆ. ಆ ಕಡೆ ರೂಟರ್ ಪ್ಲಗ್ಗಿನಲ್ಲೇ ಇತ್ತು. ಸಿಡಿಲಿನ ಏಟು ಅದರ ಮೂಲಕ ಬಂದು ಮದರ್‌ಬೋರ್ಡಿನ ಲ್ಯಾನ್ ಪೋರ್ಟ್ ಸುಟ್ಟಿತು. ಪುಣ್ಯಕ್ಕೆ ಅಷ್ಟಕ್ಕೇ ನಿಂತಿತು. ಸಿಡಿಲು ಹೊಡೆದದ್ದಕ್ಕೆ ವಾರಂಟಿ ಇಲ್ಲ. 700 ರೂಪಾಯಿಯ ವೈಫೈ ಅಡಾಪ್ಟರ್ ಹಾಕಿಕೊಂಡು ಇವತ್ತಿಗೂ ನಡೆಸುತ್ತಿದ್ದೇನೆ.

ಕ್ಯಾಬಿನೆಟ್ ನಾನು ಆರಿಸಿದ್ದು ಅಂದ ನೋಡಿ. ಮುಂದುಗಡೆ ಪೂರ್ತಿ ಗಾಜು, ಮೂರು ಬಣ್ಣದ ಫ್ಯಾನ್. ಗಾಳಿ ಒಳಗೆ ಹೋಗುವುದಾದರೂ ಎಲ್ಲಿಂದ? ಮೊದಲ ಏಪ್ರಿಲ್‌ನಲ್ಲೇ ಗ್ರಾಫಿಕ್ಸ್ ಕಾರ್ಡ್ 84 ಡಿಗ್ರಿ ಮುಟ್ಟಿತು. ಎರಡನೇ ವರ್ಷ ಅದನ್ನು ಕೊಟ್ಟು ಮುಂದೆ ಜಾಲರಿ ಇರುವುದನ್ನು ತಂದೆ. ಅದೇ ಕಾರ್ಡ್ ಈಗ 72 ದಾಟುವುದಿಲ್ಲ. ಜಾಲರಿಗೆ ಕೆಂಪು ಧೂಳು ಮೆತ್ತುತ್ತದೆ, ತಿಂಗಳಿಗೊಮ್ಮೆ ಪೇಂಟ್ ಬ್ರಷ್‌ನಲ್ಲಿ ಕೊಡವುತ್ತೇನೆ. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನಕ್ಕೆ ಒಂದು ಗಂಟೆ ಆನ್ ಮಾಡಿ ಬಿಡುತ್ತೇನೆ. ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುವ ಊರು, ಮದರ್‌ಬೋರ್ಡನ್ನು ಬಿಟ್ಟೀತಾ?

ಎಸ್‌ಎಸ್‌ಡಿ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಒಳ್ಳೆಯದೇ ಅಲ್ವಾ.

ರ‍್ಯಾಮ್ ಮಾತ್ರ 2024ರಲ್ಲಿ ಇನ್ನೂ 16 ಜಿಬಿ ಸೇರಿಸಿ 32 ಮಾಡಿದೆ. ಬ್ಲೆಂಡರ್, ಆಟೊಕ್ಯಾಡ್, ಬ್ರೌಸರ್ ಮೂರೂ ತೆರೆದಿಟ್ಟರೆ 16 ಸಾಲುತ್ತಿರಲಿಲ್ಲ. ಆಗ ಅಗ್ಗಕ್ಕೆ ಸಿಕ್ಕಿತು. "ಇನ್ನೂ ಇಳಿಯಲಿ" ಅಂತ ಕಾದ ಗೆಳೆಯ 2025ರ ಕೊನೆಗೆ ಬೆಲೆ ಕೇಳಿ ಸುಮ್ಮನಾದ. ಮೆಮೊರಿ ಎಲ್ಲ ಎಐ ಸರ್ವರ್‌ಗಳ ಕಡೆ ಹರಿದು, ನಮ್ಮಂಥವರ ರ‍್ಯಾಮ್ ದುಬಾರಿಯಾಗಿತ್ತು.

ಪ್ರೊಸೆಸರ್ ಬದಲಿಸಬೇಕು ಅನ್ನಿಸಿದರೆ ಇದೇ ಬೋರ್ಡಿಗೆ ಎಂಟು ಕೋರಿನ 5700ಎಕ್ಸ್3ಡಿ ಕೂರುತ್ತದೆ, ಬಯಾಸ್ ಅಪ್‌ಡೇಟ್ ಮಾಡಿಕೊಂಡರೆ ಸಾಕು. ಸದ್ಯಕ್ಕೆ ಆ ಆಸೆ ಇಲ್ಲ. ಮೊದಲು ಮನೆಯ ಅರ್ಥಿಂಗ್ ಸರಿ ಮಾಡಿಸಬೇಕು. ಎಲೆಕ್ಟ್ರಿಷಿಯನ್ ಬರುವ ಸೋಮವಾರ ಬರುತ್ತೇನೆ ಅಂದಿದ್ದಾರೆ.